ಕೋತಿಗಳ ಗಿರವಿ ಅಂಗಡಿ

ಬೆನ್ನಿಗೊಂದೊಂದು ಚೀಲ ಏರಿಸಿಕೊಂಡು ಬಾಲಿಗೆ ಇಳಿದ ಇಬ್ಬರು ಗೆಳೆಯರು ಮೊದಲ ದಿನವೇ ಲಕ್ಷಾಧೀಶರು. ಒಂದು ಲಕ್ಷ ರುಪಿಯಾದ ನೋಟು ನಮ್ಮ ಐನೂರು ಚಿಲ್ಲರೆ ರೂಪಾಯಿಗೆ ಸಮ. ಊಟ, ಎಳನೀರು ಮುಗಿಯುವಷ್ಟರಲ್ಲಿ ಸಿರಿತನವೂ ಮುಗಿದಿತ್ತು.

ಉಲುವಾಟು ದೇವಾಲಯದಲ್ಲಿ ಒಬ್ಬನ ಕನ್ನಡಕ ಕೋತಿಯ ಪಾಲಾಯಿತು. ಅಲ್ಲಿನ ಕೋತಿಗಳು ಕದಿಯುವುದು ಇಟ್ಟುಕೊಳ್ಳಲಿಕ್ಕಲ್ಲ, ವ್ಯಾಪಾರಕ್ಕೆ. ಹಣ್ಣು ಕೊಟ್ಟರೆ ಮಾಲು ವಾಪಸು. ಬೆಲೆಬಾಳುವ ವಸ್ತುವಿಗೆ ಹೆಚ್ಚಿನ ತಿಂಡಿ ವಸೂಲಿ ಮಾಡುವ ಲೆಕ್ಕ ದೊಡ್ಡ ಕೋತಿಗಳಿಗೆ ತಿಳಿದಿದೆಯೆಂದು 2021ರಲ್ಲಿ ಸಂಶೋಧಕರೇ ಬರೆದಿದ್ದಾರೆ. ಹಾಗಾಗಿ ಕೋತಿ ಮೊದಲ ಬಾಳೆಹಣ್ಣನ್ನು ತಿರಸ್ಕರಿಸಿದಾಗ, "ನಿನ್ನ ಕನ್ನಡಕಕ್ಕೆ ಮರ್ಯಾದೆ ಇದೆ ಕಣೋ" ಎಂದ ಇನ್ನೊಬ್ಬ.

ಆಮೇಲೆ ಬಾಲಿಯ ಮೌನದ ಹಬ್ಬ ನ್ಯೇಪಿ ಬಂತು. ಯುಗಾದಿಯ ಆಸುಪಾಸಿನಲ್ಲೇ ಬರುವ ಶಕ ವರ್ಷದ ಮೊದಲ ದಿನ. 24 ಗಂಟೆ ಬೀದಿ ಖಾಲಿ, ವಿಮಾನ ನಿಲ್ದಾಣಕ್ಕೂ ರಜೆ. ಹೊರಗೆ ಇಣುಕಿದರೆ ಪೆಚಲಾಂಗ್ ಎಂಬ ಊರ ಕಾವಲುಗಾರರು ಒಳಗೆ ಕಳಿಸುತ್ತಾರೆ. ಹೋಳಿಗೆಯಿಲ್ಲ, ಮಾತೂ ಇಲ್ಲ. ಬಾಯಿ ಬಿಗಿಹಿಡಿದು ಇಬ್ಬರಿಗೂ ಹೊಟ್ಟೆನೋವು.

ಬಾಲಿಯಿಂದ ಸಿಂಗಪುರಕ್ಕೆ ಹೋದರು. ಅಲ್ಲಿ ಮಾತಿಗೆ ತಡೆಯಿಲ್ಲ, ಡುರಿಯನ್ ಹಣ್ಣಿಗಿದೆ. ಅದರ ವಾಸನೆಗೆ ಹೆದರಿ ಮೆಟ್ರೋದೊಳಗೆ ಬಿಡುವುದೇ ಇಲ್ಲ. ಒಬ್ಬ ಇಡೀ ಹಣ್ಣು ಕೊಂಡಾಗಿತ್ತು. ಇನ್ನೊಬ್ಬ ನಿಲ್ದಾಣದ ಹೊರಗೆ ಮೂಗು ಮುಚ್ಚಿಕೊಂಡು, "ಬೇಗ ಮುಗಿಸೋ, ಕೊನೆಯ ರೈಲು ಹೋಗುತ್ತೆ" ಎನ್ನುತ್ತಿದ್ದ.