ಬ್ರೇಕ್ ಪ್ಯಾಡಿನ ಅಂದಾಜುಪಟ್ಟಿ ಬರೆಯುವ ಸಾಹೇಬರಿಗೆ

ಸನ್ಮಾನ್ಯ ಸರ್ವಿಸ್ ಅಡ್ವೈಸರ್ ಸಾಹೇಬರಿಗೆ,

ಬ್ಯಾಡಗಿಯಿಂದ ಬರೆಯುತ್ತಿದ್ದೇನೆ. ತಮ್ಮ ಕೃಪೆಯಿಂದ ಗಾಡಿ ಈಗ ಹೇಳಿದಲ್ಲಿ ನಿಲ್ಲುತ್ತದೆ. ತಾವು ಕೊಟ್ಟ ಬಿಲ್ಲು ಮಾತ್ರ ಇನ್ನೂ ನಿಂತಿಲ್ಲ, ಮನೆಯಲ್ಲಿ ಓಡುತ್ತಲೇ ಇದೆ.

ನಮ್ಮ ತಕರಾರು ಇದ್ದದ್ದು ಒಂದು ಸದ್ದಿನದು. ಪ್ಯಾಡು ಸವೆದು ತೆಳ್ಳಗಾದರೆ ಅದಕ್ಕೆ ಹಚ್ಚಿರುವ ಸಣ್ಣ ತಗಡು ಡಿಸ್ಕಿಗೆ ತಾಗಿ ಕಿರುಚುತ್ತದೆ. ಯಜಮಾನನಿಗೆ ಎಚ್ಚರಿಕೆಯಾಗಲೆಂದೇ ಅದನ್ನು ಇಟ್ಟಿರುತ್ತಾರೆ. ರಾಣೇಬೆನ್ನೂರಿನ ಪಿ.ಬಿ. ರಸ್ತೆಯ ಮಿಸ್ತ್ರಿಯೊಬ್ಬರು ಬಾಗಿ ನೋಡಿ, "ಮುಂದಿನ ಪ್ಯಾಡ್ ಅಷ್ಟ ಹೋಗ್ಯಾವ್ರಿ ಸರ, ಹಿಂದ ಡ್ರಮ್ ಐತಿ, ಅದಕ್ಕೇನೂ ಆಗಿಲ್ಲ" ಅಂದಿದ್ದರು. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬೀಳುವುದರಿಂದ ಮುಂದಿನವೇ ಮೊದಲು ಸವೆಯುತ್ತವಂತೆ. ಆದರೂ ಮನೆಯವರು 'ಕಂಪನಿಯಲ್ಲೇ ಹಾಕಿಸೋಣ' ಅಂದದ್ದಕ್ಕೆ ತಮ್ಮ ಎಸಿ ಕೋಣೆಗೆ ಬಂದೆವು.

ಪ್ಯಾಡಿನ ಬೆಲೆಗೆ ನನ್ನ ಆಕ್ಷೇಪವಿಲ್ಲ. ಅದನ್ನು ಉಳಿಸಲು ಹೋದವನು ಕೊನೆಗೆ ಡಿಸ್ಕನ್ನೇ ತಿಂದುಹಾಕಿಸಿ ಎರಡರಷ್ಟು ತೆರುತ್ತಾನೆ. ತೆರಿಗೆಗೂ ಆಕ್ಷೇಪವಿಲ್ಲ. ಗಾಡಿಯ ಬಹುಪಾಲು ಬಿಡಿಭಾಗಗಳ ಮೇಲಿದ್ದ 28 ಪರ್ಸೆಂಟ್ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿಸಿದ್ದಾರೆ, ತಮ್ಮ ಬಿಲ್ಲಿನಲ್ಲೂ 18 ಎಂದೇ ಇದೆ. ಸರ್ಕಾರ ಇಳಿಸಿದ ಜಾಗ ಖಾಲಿ ಉಳಿಯಬಾರದೆಂದು ತಾವು ಅಲ್ಲಿ 'ಕ್ಯಾಲಿಪರ್ ಸರ್ವಿಸ್' ಕೂರಿಸಿದಿರಿ. ಪ್ಯಾಡು ಬದಲಿಸುವವನು ಕ್ಯಾಲಿಪರ್ ಬಿಚ್ಚಿ, ಪಿನ್ನು ಒರೆಸಿ, ಗ್ರೀಸು ಹಚ್ಚದೆ ಇನ್ನೇನು ಮಾಡುತ್ತಾನೆ ಸ್ವಾಮಿ? ಅದರ ಕೆಳಗೆ ಡಿಸ್ಕ್ ಸ್ಕಿಮ್ಮಿಂಗ್. ಡಿಸ್ಕಿನಲ್ಲಿ ಗೀರಿಲ್ಲ, ಪೆಡಲ್ಲು ನಡುಗುತ್ತಿರಲಿಲ್ಲ. ಆಮೇಲೆ ಬ್ರೇಕ್ ಆಯಿಲ್: ಅದು ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು, ಒಪ್ಪಿದೆ. ಆದರೆ ಹೋದ ವರ್ಷ ಬದಲಿಸಿ ಬಾನೆಟ್ಟಿನೊಳಗೆ ಚೀಟಿ ಅಂಟಿಸಿದವರೂ ತಾವೇ. ವೀಲ್ ಅಲೈನ್‌ಮೆಂಟಿಗೂ ಪ್ಯಾಡಿಗೂ ಏನು ನೆಂಟಸ್ತಿಕೆ ಎಂದು ಕೇಳುವಷ್ಟರಲ್ಲಿ ತಾವು ಆ ಮಾತು ಆಡಿದಿರಿ: "ಸೇಫ್ಟಿ ಸರ್. ಫ್ಯಾಮಿಲಿ ಓಡಾಡೋ ಗಾಡಿ."

ಅದನ್ನು ನನ್ನನ್ನು ನೋಡಿ ಹೇಳಲಿಲ್ಲ, ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿಯನ್ನು ನೋಡಿ ಹೇಳಿದಿರಿ. ತಮ್ಮ ಬುದ್ಧಿವಂತಿಕೆಗೆ ಹಾವೇರಿಯ ಏಲಕ್ಕಿ ಹಾರ ಹಾಕಬೇಕು. ಹೆಂಡತಿ, ಮಕ್ಕಳು, ತೊಡೆಯ ಮೇಲೆ ಸ್ಟೀಲ್ ಡಬ್ಬಿ ಹಿಡಿದ ಅತ್ತೆಯವರು ಎಲ್ಲ ಕೂರುವ ಗಾಡಿಗೆ 'ಆಯಿಲ್ ಬೇಡ' ಎಂದು ಯಾವ ಗಂಡಸು ಬಾಯಿಬಿಟ್ಟಾನು? ಲಾರಿಯವನಿಗೆ ಹೀಗೆ ಹೇಳಿ ನೋಡಿ. ಹಳೆಯ ಪ್ಯಾಡು ಕೈಗೆ ತಗೊಂಡು ದಪ್ಪ ನೋಡಿ, ಇನ್ನೊಂದು ಟ್ರಿಪ್ ಹೊಡೆದು ಬರುತ್ತೇನೆ ಅಂದಾನು.

ನಮ್ಮದು ಮೆಣಸಿನಕಾಯಿಯ ಊರು, ದರದ ವಿಷಯದಲ್ಲಿ ನಮಗೂ ನಾಲ್ಕು ಅಕ್ಷರ ಗೊತ್ತು. ಎಪಿಎಂಸಿಯಲ್ಲಿ ಡಬ್ಬಿ ತಳಿಯಾಗಲಿ ಕಡ್ಡಿ ತಳಿಯಾಗಲಿ ಪ್ರತಿ ಲಾಟಿಗೂ ನಂಬರು ಬೀಳುತ್ತದೆ. ಖರೀದಿದಾರರು ಚೀಲ ಬಿಚ್ಚಿ ಬಣ್ಣ ನೋಡಿ ಇ-ಟೆಂಡರ್ ಹಾಕುತ್ತಾರೆ. ಹೆಚ್ಚಿನ ದರವೂ ಒಪ್ಪಿಗೆಯಾಗದಿದ್ದರೆ ಮಾಲು ಕೊಡೆನೆನ್ನುವ ಹಕ್ಕು ರೈತನಿಗಿದೆ. ಆ ಹಕ್ಕಿನಿಂದ ಹೊಟ್ಟೆ ತುಂಬುವುದಿಲ್ಲ ಅನ್ನುವುದು ಬೇರೆ ಮಾತು. 2024ರ ಮಾರ್ಚ್ 11ರಂದು ದರ ಬಿದ್ದಾಗ ರೈತರ ಸಿಟ್ಟಿಗೆ ಅದೇ ಅಂಗಳದಲ್ಲಿ ವಾಹನಗಳು ಉರಿದುಹೋದವು. ಬೀಳುವ ಮೆಣಸಿನಕಾಯಿ ದರಕ್ಕೆ ಹಾಕುವ ಬ್ರೇಕನ್ನು ಯಾವ ಕಂಪನಿಯೂ ಇನ್ನೂ ತಯಾರಿಸಿಲ್ಲ. ಆದರೂ ಅಲ್ಲಿ ಮಾಲು ಕಣ್ಣೆದುರಿಗೆ ಇರುತ್ತದೆ. ತಮ್ಮಲ್ಲಿ ಗಾಜಿನ ಗೋಡೆಯಾಚೆ ಗಾಡಿ, ಈಚೆ ನಾನು, ನಡುವೆ ತಮ್ಮ ಟ್ಯಾಬು. ಮಾರುವಾಗಲೂ ಅವರ ದರ, ಕೊಳ್ಳುವಾಗಲೂ ಅವರ ದರ ಎಂದು ನಮ್ಮಪ್ಪ ಬೈಯುತ್ತಿದ್ದರು. ಪಾಪ, ಅವರು ಗೊಬ್ಬರದ ಅಂಗಡಿಯನ್ನಷ್ಟೇ ಕಂಡಿದ್ದರು.

ಪ್ಯಾಡು ಸವೆಯುವುದರಲ್ಲಿ ತಮ್ಮ ಪಾಲು ಏನೂ ಇಲ್ಲವೆಂಬುದನ್ನೂ ಇಲ್ಲೇ ದಾಖಲಿಸುತ್ತೇನೆ. ಆ ಪುಣ್ಯಕಾರ್ಯ ಹಂಪುಗಳದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಲ್ಲಿ ಹಂಪು 10 ಸೆಂಟಿಮೀಟರ್ ಎತ್ತರ ಇರಬೇಕು. 25 ಕಿಲೋಮೀಟರ್ ವೇಗದಲ್ಲಿ ಸಲೀಸಾಗಿ ದಾಟುವಂತಿರಬೇಕು. ನಮ್ಮ ಕಡೆ ಊರಿಗೊಬ್ಬ ಹಿರಿಯರು ತಮಗೆ ತೋಚಿದಷ್ಟು ಎತ್ತರಕ್ಕೆ ಕಟ್ಟಿಸುತ್ತಾರೆ, ಬಣ್ಣ ಬಳಿಸುವುದಿಲ್ಲ. ಮೋಟೆಬೆನ್ನೂರಿನಲ್ಲಿ ಹೆದ್ದಾರಿ 48 ಹಿಡಿದರೆ ಹಾವೇರಿಯ ತನಕ ಕಾಲಿಗೆ ಆರಾಮ ಎಂದುಕೊಂಡರೆ, ಸುಗ್ಗಿಯಲ್ಲಿ ಸರ್ವಿಸ್ ರಸ್ತೆಯ ತುಂಬ ಗೋವಿನಜೋಳ ಒಣಗುತ್ತಿರುತ್ತದೆ. ಒತ್ತಲೇಬೇಕು. ವೇಗ ಎರಡು ಪಟ್ಟಾದರೆ ಪ್ಯಾಡು ನುಂಗುವ ಬಿಸಿ ನಾಲ್ಕು ಪಟ್ಟು. ಹಂಪು ಕಟ್ಟಿಸುವ ಹಿರಿಯರಿಗೆ ತಾವು ಕಮಿಷನ್ ಕೊಡುತ್ತಿಲ್ಲವೆಂದರೆ ಅದು ಕೃತಘ್ನತೆ.

ಆದ್ದರಿಂದ ಅರಿಕೆ ಇಷ್ಟೇ. ಮುಂದಿನ ಸಲ ಬಿಚ್ಚಿದ ಪ್ಯಾಡನ್ನು ನನ್ನ ಕೈಗೆ ಕೊಡಿ, ಎಷ್ಟು ಮಿಲಿಮೀಟರ್ ಉಳಿದಿದೆ ಎಂದು ಅಳೆದು ತೋರಿಸಿ. ಮೂರರೊಳಗೆ ಇದ್ದರೆ ಮಾತಾಡದೆ ದುಡ್ಡು ಎಣಿಸುತ್ತೇನೆ. 'ಕನ್ಸ್ಯೂಮಬಲ್ಸ್' ಎಂಬ ಸಾಲಿನಲ್ಲಿ ನಾನು ಕುಡಿದ ಚಹಾ ಸೇರಿದೆಯೋ ಇಲ್ಲವೋ ಎಂಬುದನ್ನೂ ಬರೆದು ತಿಳಿಸಿ.

ಇತಿ ತಮ್ಮ ವಿಧೇಯ,
ಗಿರಾಕಿ

ತಾ.ಕ.: ತಮ್ಮ ಕಡೆಯ ಹುಡುಗಿಯೊಬ್ಬಳು ಫೋನ್ ಮಾಡಿ, ಸೇವೆ ಹೇಗಿತ್ತು, ಹತ್ತಕ್ಕೆ ಹತ್ತು ಅಂಕ ಕೊಡಿ ಸರ್ ಎಂದು ಕೇಳಿದಳು. ಗುರುವಾರ ಮಾರ್ಕೆಟ್ ಇದೆ ತಾಯಿ, ಟೆಂಡರ್ ಹಾಕು, ಒಪ್ಪಿಗೆಯಾದರೆ ಕೊಡುತ್ತೇನೆ ಅಂದಿದ್ದೇನೆ.