ಮಾವನವರ ಧೋತರ ಮತ್ತು ಎಂಜಿನ್ ಆಯಿಲ್

ಮನೆಯಲ್ಲೇ ಕಾರಿನ ಆಯಿಲ್ ಬದಲಿಸಲು ಪಾನಾ ಬೇಕು, ಜಾಕ್ ಬೇಕು, ಹೊಸ ಫಿಲ್ಟರ್ ಬೇಕು. ರೊಕ್ಕ ಕೊಟ್ಟರೆ ಇವೆಲ್ಲ ಗದಗಿನಲ್ಲಿ ಸಿಗುತ್ತವೆ. ಸಿಗದೇ ಇರುವುದು ಹಳೇ ಎಣ್ಣೆ ಹಿಡಿಯಲು ಒಂದು ಖಾಲಿ ಬುಟ್ಟಿ. ದಿನಗಟ್ಟಲೆ ಕಾಯಿಸಿ ನಳ ಬರುವ ಬೆಟಗೇರಿಯಲ್ಲಿ ಬಾಯಿ ಇರುವ ಯಾವ ವಸ್ತುವೂ ಖಾಲಿ ಕೂರುವಂತಿಲ್ಲ. ಬ್ಯಾರಲ್, ಕೊಡ, ಬಕೀಟು, ಪಾತೇಲಿ, ಎಲ್ಲದರಲ್ಲೂ ತುಂಗಭದ್ರೆ ಠಿಕಾಣಿ ಹೂಡಿರುತ್ತಾಳೆ.

"ಮೂರು ಲೀಟರ್ ಎಣ್ಣಿ ಹಿಡಿಯಾಕ ಒಂದು ಬುಟ್ಟಿ ಕೊಡು" ಎಂದೆ.

"ನೀರು ಹಿಡಿಯೂ ಬುಟ್ಟಿ ಅದು. ನಾಳೆ ಅದರಾಗ ಅಕ್ಕಿ ತೊಳೀಲೇನ್ರಿ?" ಎಂದಳು ಮನೆಯವಳು.

ಖಾಲಿಯಾದ 5 ಲೀಟರಿನ ಕುಸುಬಿ ಎಣ್ಣೆಯ ಕ್ಯಾನಿನ ಹೊಟ್ಟೆ ಕೊಯ್ದು ಪರಾತ ಮಾಡಿಕೊಂಡೆ.

ನಮ್ಮ ಓಣಿಯಲ್ಲಿ ಕಾರಿನ ಬಾನೆಟ್ ಎತ್ತಿದರೆ ಸಾಕು, ಕರೆಯದೆಯೇ ಪಂಚಾಯ್ತಿ ಕೂಡುತ್ತದೆ. ಲಕ್ಷ್ಮೇಶ್ವರದಿಂದ ಬಂದಿದ್ದ ಮಾವನವರು ಕಡ್ಡಿ ಎಳೆದು ನೋಡಿ, "ಅಳಿಯಂದ್ರ, ಪೂರಾ ಕಪ್ಪಾಗೇತಿ, ಹೊತ್ತಾತು" ಎಂದರು. ಮಿರ್ಚಿ ಬಂಡಿಯವ ಅಷ್ಟಕ್ಕೇ ಒಪ್ಪಲಿಲ್ಲ: "ನಾ ಅಂತೂ ತಗಿಯೂದ ಇಲ್ರೀ. ಕಡಿಮಿ ಆದಂಗ ಮ್ಯಾಲ ಹಾಕ್ಕೋತ ಹೋಗೂದು." ಅವನ ಬಜಿ ತಿಂದು ಬೆಳೆದ ಊರು ಇದು, ಎದುರಾಡುವ ಧೈರ್ಯ ಯಾರಿಗೂ ಬರಲಿಲ್ಲ.

ನಿಜವೆಂದರೆ ಬಣ್ಣ ನೋಡಿ ಎಣ್ಣೆಯ ಆಯುಷ್ಯ ಹೇಳಲಾಗದು. ಎಂಜಿನ್ನಿನ ಮಸಿಯನ್ನು ತನ್ನಲ್ಲೇ ತೇಲಿಸಿಟ್ಟುಕೊಳ್ಳುವ ರಾಸಾಯನಿಕ ಎಣ್ಣೆಯಲ್ಲೇ ಇರುತ್ತದೆ. ಕಪ್ಪಾಯಿತೆಂದರೆ ಅದು ಕೆಲಸ ಮಾಡುತ್ತಿದೆ ಎಂದೂ ಅರ್ಥ. ಪೆಟ್ರೋಲ್ ಕಾರಿಗೆ ಸಾಮಾನ್ಯವಾಗಿ 10,000 ಕಿಲೋಮೀಟರ್ ಇಲ್ಲವೇ ಒಂದು ವರ್ಷ ಎನ್ನುತ್ತಾರೆ. ಧೂಳಿನ ದಾರಿಯಾದರೆ ಬೇಗ. ಸುಗ್ಗಿಯಲ್ಲಿ ಮುಂಡರಗಿ ಕಡೆಗೆ ಹೋಗಿ ನೋಡಿ. ಡಾಂಬರು ರಸ್ತೆಯೇ ಕಣ, ಹಾಸಿದ ಬೆಳೆಯ ಮೇಲೆ ನಮ್ಮ ಕಾರುಗಳದೇ ಬಿಟ್ಟಿ ಒಕ್ಕಣೆ. ಕಾಳು ರೈತನಿಗೆ, ಹೊಟ್ಟಿನ ಧೂಳು ನಮ್ಮ ಗಾಡಿಗೆ.

ಐದಾರು ನಿಮಿಷ ಎಂಜಿನ್ ಓಡಿಸಿ ಎಣ್ಣೆಯನ್ನು ಬೆಚ್ಚಗೆ ಮಾಡಿ ಆರಿಸಿದೆ. ಬೆಚ್ಚಗಿದ್ದರೆ ತೆಳ್ಳಗಾಗಿ ಬೇಗ ಇಳಿಯುತ್ತದೆ. ಜಾಕ್ ಒಂದನ್ನೇ ನಂಬಿ ಕಾರಿನಡಿ ಹೋಗುವುದು ಮೂರ್ಖತನ. ಗಟ್ಟಿ ಸ್ಟ್ಯಾಂಡ್ ಕೊಟ್ಟು, ಹಿಂದಿನ ಗಾಲಿಗೆ ಕಲ್ಲು ಒಡ್ಡಿ ಒಳಗೆ ತೂರಿದೆ. ಎಣ್ಣೆ ಇಳಿಸುವ ಬೋಲ್ಟಿನ ಕೊನೆಯ ಸುತ್ತಿನಲ್ಲಿ ಒಂದು ಹಿಕ್ಮತ್ತಿದೆ: ಅದನ್ನು ಮೇಲಕ್ಕೆ ಒತ್ತಿ ಹಿಡಿದೇ ತಿರುಗಿಸಬೇಕು, ಎಳೆ ಬಿಟ್ಟಿತೆಂದು ಬೆರಳಿಗೆ ತಿಳಿದ ಕೂಡಲೇ ಕೈ ಸಮೇತ ಪಕ್ಕಕ್ಕೆ ಕೀಳಬೇಕು. ಕಿತ್ತೆ. ಎಣ್ಣೆ ಮೊದಲು ಕಮಾನಿನಂತೆ ಚಿಮ್ಮಿ ಕ್ಯಾನಿಗೆ ಬಿತ್ತು. ಆಮೇಲೆ ಸಣ್ಣಗಾಗಿ ದಾರದಂತೆ ಇಳಿಯತೊಡಗಿತು.

ಅದು ಆಷಾಢ. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ತಿರುಗಿಸಿ ಮಿಕ್ಕ ಗಾಳಿಯೆಲ್ಲ ನಮ್ಮ ಓಣಿಗೇ ಬರುತ್ತದೆ. ಬಂದದ್ದೇ ಆ ದಾರವನ್ನು ಬಳುಕಿಸಿ, ಕುಕ್ಕರಗಾಲಲ್ಲಿ ಕೂತು ಉಸ್ತುವಾರಿ ನಡೆಸಿದ್ದ ಮಾವನವರ ಬಿಳಿ ಧೋತರದ ಮೇಲೆ ಎಳೆಯಿತು. ಅವರು ಏನೂ ಅನ್ನಲಿಲ್ಲ. ಅಳಿಯನಾದವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ.

ಹೊಸ ಎಣ್ಣೆ ಹೊಯ್ಯುವಾಗ ಮತ್ತೆ ಬಾಯಿ ಬಿಟ್ಟರು: "ತುಂಬ ಹಾಕ್ರಿ, ಕೈ ಹಿಡೀಬ್ಯಾಡ್ರಿ." ಬೀಗರಿಗೆ ಹೋಳಿಗೆಯ ಮೇಲೆ ತುಪ್ಪ ಬಡಿಸುವ ಮನೆತನ. ಎಂಜಿನ್ನಿಗೆ ಆ ಉಪಚಾರ ಆಗಿಬರುವುದಿಲ್ಲ, ಹೆಚ್ಚಾದರೆ ಎಣ್ಣೆ ನೊರೆಯಾಗುತ್ತದೆ. ಕಡ್ಡಿಯ ಎರಡು ಗುರುತುಗಳ ನಡುವೆ ನಿಲ್ಲಿಸಿದೆ.

ಹಳೇ ಎಣ್ಣೆಗೆ ಮಾತ್ರ ಹರಾಜು ಎದ್ದಿತು. ಶಿರಹಟ್ಟಿಯ ಷಡ್ಡಕನಿಗೆ ವರಲಿ ಹತ್ತಿದ ಬಾಗಿಲ ಚೌಕಟ್ಟಿಗೆ ಬಳಿಯಬೇಕು. ಮುಂಡರಗಿಯ ಕಾಕಾನಿಗೆ ಚಕ್ಕಡಿ ಗಾಲಿಗೆ ಬೇಕು. ಮೂಲೆಯ ಅಂಗಡಿಯವನಿಗೆ ಶಟರ್ ಕಿರಗುಟ್ಟುತ್ತದೆ. ಗಟಾರಕ್ಕೆ ಸುರುವು ಎಂದವನೂ ಒಬ್ಬನಿದ್ದ. ಬೋರಿನ ನೀರಿಗೆ ಬಾಯಿ ಒಡ್ಡಿದ ಊರಲ್ಲಿ ಆ ಮಾತು! 2016ರ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ, ಅದು ಮರುಸಂಸ್ಕರಣೆಗೇ ಹೋಗಬೇಕು ಎಂದು ನಾನು ಸಣ್ಣ ಭಾಷಣ ಮಾಡಿದೆ. ಷಡ್ಡಕ ಇಂದಿಗೂ ಮುನಿಸಿಕೊಂಡಿದ್ದಾನೆ.

ಡಬ್ಬಿಗೆ ತುಂಬಿ, ಅಂಥ ಎಣ್ಣೆ ಕೂಡಿಸಿ ಕಳಿಸುವ ಗ್ಯಾರೇಜಿಗೆ ಒಯ್ದೆ. ಮಿಸ್ತ್ರಿ ಮುಚ್ಚಳ ತೆಗೆದು ನೋಡಿದ.

"ನೀವ ಮಾಡಿದ್ರೇನ್ರಿ ಸರ?"

"ಹೂಂ. ನಿನ್ನ ಮಜೂರಿ ಉಳೀತು ನೋಡು."

"ಛಲೋ ಆತು ಬಿಡ್ರಿ" ಎಂದು ಕೈ ಒರೆಸಿಕೊಳ್ಳುತ್ತ ಕೇಳಿದ, "ಮತ್ತ ಮಾವನವರಿಗೆ ಹೊಸಾ ಧೋತರ ಎಷ್ಟಕ್ಕ ತಂದ್ರಿ?"