ಅನುದ್ಘಾಟಿತ ಪೆಟ್ಟಿಗೆ ಮೀಮಾಂಸೆ

ಅಧ್ಯಾಯ 1: ಪೀಠಿಕೆ, ಉದ್ದೇಶ, ವ್ಯಾಪ್ತಿ ಮತ್ತು ಮಿತಿ

ಆಟಿಕೆಯೊಂದು ಆಟದಿಂದ ಬಿಡುಗಡೆ ಪಡೆದು ಆಸ್ತಿಯಾಗಿ ರೂಪಾಂತರಗೊಳ್ಳುವ ಚಾರಿತ್ರಿಕ ಪಲ್ಲಟವನ್ನು ಬಹುಶಿಸ್ತೀಯ ನೆಲೆಯಲ್ಲಿ ಮುಖಾಮುಖಿಯಾಗಿಸುವುದು ಪ್ರಸ್ತುತ ಪ್ರಬಂಧದ ಆಶಯವಾಗಿದೆ. ಡೆನ್ಮಾರ್ಕಿನ ಲೆಗೋ ಎಂಬ ಪ್ಲಾಸ್ಟಿಕ್ ಇಟ್ಟಿಗೆಗಳ ಪೆಟ್ಟಿಗೆಯನ್ನು ಕೊಂಡು, ಬಿಚ್ಚದೆ, ಕಟ್ಟದೆ, ಮಕ್ಕಳ ಕೈಗೆ ಸಿಗದಂತೆ ಅಟ್ಟಕ್ಕೇರಿಸಿ, ವರ್ಷಗಳ ತರುವಾಯ ಹೆಚ್ಚಿನ ಬೆಲೆಗೆ ಮಾರುವ (ಅಥವಾ ಮಾರುತ್ತೇನೆಂದು ಹೇಳಿಕೊಂಡು ತಿರುಗುವ) ಆಚರಣೆಯನ್ನು ಇಲ್ಲಿ ‘ಅನುದ್ಘಾಟಿತ ಸಂಗ್ರಹ’ ಎಂದು ಕರೆಯಲಾಗಿದೆ. ಅದನ್ನು ಆಚರಿಸುವವನು ‘ಅನುದ್ಘಾಟಕ’. ಅವನ ತಾತ್ವಿಕತೆ ‘ಅನುದ್ಘಾಟಿತತ್ವ’. ಮೂರು ಹೊಸ ಪದಗಳನ್ನು ಟಂಕಿಸಿದ ಮೇಲೆ ಪ್ರಬಂಧಕ್ಕೆ ತೂಕ ಬಂದಿದೆಯೆಂದು ಭಾವಿಸಿ ಮುಂದುವರಿಯಲಾಗಿದೆ.

ವ್ಯಾಪ್ತಿ: ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಬೀಗ ಹಾಕಿದ ಕೋಣೆ. ಆಕರ: ಹಬ್ಬದೂಟ ಮುಗಿಸಿ ಎಲೆಅಡಿಕೆ ಹಾಕಿಕೊಂಡು ಕೂತವರ ಮುಂದೆ, ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ, ನನ್ನ ಷಡ್ಡಕ ನಡೆಸಿಕೊಟ್ಟ ಉಪನ್ಯಾಸ ಮಾಲಿಕೆ. ಮಿತಿ: ಹೆಂಡತಿಯ ತಂಗಿಯ ಗಂಡ ಮಾತಾಡುವಾಗ ಎದ್ದು ಹೋಗಲು ಸಂಶೋಧಕನಿಗೆ ಅವಕಾಶವಿರಲಿಲ್ಲ. ಪರಿಭಾಷೆಯ ಋಣ ಮಾತ್ರ ನಾನು ಕೂತು ಕೇಳಿದ ವಿಚಾರ ಸಂಕಿರಣಗಳಿಗೆ ಸಲ್ಲಬೇಕು. ಅಲ್ಲಿಂದಲೂ ಏಳುವಂತಿರಲಿಲ್ಲ, ಪ್ರಮಾಣಪತ್ರ ಹಂಚುತ್ತಿದ್ದುದು ಸಮಾರೋಪದ ನಂತರ.

ಅಧ್ಯಾಯ 2: ಚಾರಿತ್ರಿಕ ಹಿನ್ನೆಲೆ

ಡೆನ್ಮಾರ್ಕಿನ ಜಟ್‌ಲ್ಯಾಂಡ್ ಪ್ರಾಂತ್ಯದ ಬಿಲುಂಡ್ ಎಂಬ ಹಳ್ಳಿಯಲ್ಲಿ ಒಲೆ ಕಿರ್ಕ್ ಕ್ರಿಶ್ಚಿಯನ್‌ಸನ್ ಎಂಬ ಬಡಗಿಯಿದ್ದ. ಜಗತ್ತಿನ ಆರ್ಥಿಕತೆ ಕುಸಿದು ಮನೆ ಕಟ್ಟಿಸುವವರೇ ಇಲ್ಲವಾದಾಗ, 1932ರಲ್ಲಿ ಮರದ ಆಟಿಕೆಗಳನ್ನು ಮಾಡಲು ಕೂತ. 1942ರಲ್ಲಿ ಕಾರ್ಖಾನೆಗೆ ಬೆಂಕಿ ಬಿತ್ತು, ಮತ್ತೆ ಕಟ್ಟಿದ. ಯುದ್ಧ ಮುಗಿದ ಮೇಲೆ ಪ್ಲಾಸ್ಟಿಕ್ ಅಚ್ಚಿನ ಯಂತ್ರ ಕೊಂಡು, 1949ರಲ್ಲಿ ಒಂದರ ಮೇಲೊಂದು ಕೂರುವ ಇಟ್ಟಿಗೆಗಳನ್ನು ಮಾರುಕಟ್ಟೆಗೆ ಬಿಟ್ಟ. ಇಟ್ಟಿಗೆಯ ಮೂಲ ಕಲ್ಪನೆ ಇಂಗ್ಲೆಂಡಿನ ಹಿಲರಿ ಫಿಶರ್ ಪೇಜ್ ಎಂಬಾತನದು. ಸಂಶೋಧನಾ ಕ್ಷೇತ್ರದಲ್ಲಿ ಇಂಥದ್ದನ್ನು ‘ಪ್ರಭಾವ’ ಎನ್ನುತ್ತೇವೆ.

ಆ ಇಟ್ಟಿಗೆಗಳು ಕೂಡುತ್ತಿದ್ದವು, ಆದರೆ ಹಿಡಿದು ನಿಲ್ಲುತ್ತಿರಲಿಲ್ಲ. 1958ರ ಜನವರಿ 28ರಂದು ಪೇಟೆಂಟ್‌ಗೆ ಅರ್ಜಿ ಹಾಕಿದ ಇಟ್ಟಿಗೆಯ ಹೊಟ್ಟೆಯೊಳಗೆ ಕೊಳವೆಗಳಿದ್ದವು. ಕೆಳಗಿನ ಇಟ್ಟಿಗೆಯ ಗುಂಡುಬ್ಬು ಮೇಲಿನದರ ಕೊಳವೆಗೂ ಗೋಡೆಗೂ ನಡುವೆ ಸಿಕ್ಕಿಕೊಂಡು ಬಿಗಿಯಾಯಿತು. ಎಳೆದರೆ ಬರುವಷ್ಟು, ಎತ್ತಿದರೆ ಬೀಳದಷ್ಟು ಬಿಗಿ. ಮೂರು ವರ್ಷದ ಕೂಸಿನ ಬೆರಳಿಗೂ ಮೂವತ್ತು ವರ್ಷದವನ ಬೆರಳಿಗೂ ಒಗ್ಗುವ ಹಿಡಿತ ಅದು. ಒಂದು ಉಬ್ಬಿನ ನಡುವಿನಿಂದ ಇನ್ನೊಂದರ ನಡುವಿಗೆ 8 ಮಿಲಿಮೀಟರ್. ಆ ಅಳತೆ ಕದಲಿಲ್ಲ. 1958ರಲ್ಲಿ ಮಾಡಿದ ಇಟ್ಟಿಗೆ ಇವತ್ತು ಅಂಗಡಿಯಿಂದ ತಂದ ಇಟ್ಟಿಗೆಯ ಮೇಲೆ ಕೂರುತ್ತದೆ. ಅಣಕದ ನಡುವೆ ಇದೊಂದು ಮಾತನ್ನು ಅಣಕವಿಲ್ಲದೆ ಹೇಳಬೇಕು: ಇದು ದೊಡ್ಡ ಕೆಲಸ. ನನ್ನ ಎರಡು ಫೋನುಗಳ ಚಾರ್ಜರು ಒಂದಕ್ಕೊಂದು ಕೂಡುವುದಿಲ್ಲ.

ಎಂಟು ಉಬ್ಬಿನ, ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ಬಗೆಯಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ. ಅದೇ ಆರು ಇಟ್ಟಿಗೆಗಳು ಬಿಚ್ಚದ ಪೆಟ್ಟಿಗೆಯಲ್ಲಿದ್ದರೆ ಸಾಧ್ಯತೆ ಒಂದೇ. ಈ ಎರಡನೆಯ ಫಲಿತಾಂಶ ಪ್ರಸ್ತುತ ಸಂಶೋಧಕನ ಸ್ವಂತ ಕೊಡುಗೆಯಾಗಿದೆ.

ಅಧ್ಯಾಯ 3: ಪೂರ್ವಾಧ್ಯಯನಗಳ ಸಮೀಕ್ಷೆ

ಅನುದ್ಘಾಟಕರಿಗೆ ಪ್ರಮಾಣಗ್ರಂಥವೊಂದಿದೆ. ಮಾಸ್ಕೋದ ಹೈಯರ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ವಿಕ್ಟೋರಿಯಾ ದೊಬ್ರಿನ್ಸ್ಕಾಯ ಮತ್ತು ಅವರ ಸಹಲೇಖಕಿ, 1987ರಿಂದ 2015ರವರೆಗಿನ 2,322 ಲೆಗೋ ಸೆಟ್‌ಗಳ ಬೆಲೆಗಳನ್ನು ಪರಿಶೀಲಿಸಿ, ಬಿಚ್ಚದ ಸೆಟ್‌ಗಳು ಸರಾಸರಿ ವರ್ಷಕ್ಕೆ ಶೇ. 11ರಷ್ಟಾದರೂ ಬೆಳೆದಿವೆ ಎಂದು ತೋರಿಸಿದರು. ಚಿನ್ನಕ್ಕಿಂತ ಲೆಗೋ ಮೇಲು ಎಂದು ಪತ್ರಿಕೆಗಳು ಬರೆದವು. ನನ್ನ ಷಡ್ಡಕ ಆ ಶೀರ್ಷಿಕೆಯನ್ನು ಮುದ್ರಿಸಿ, ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡಿದ್ದಾನೆ.

ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ. ಸೆಟ್‌ನಿಂದ ಸೆಟ್‌ಗೆ ಲಾಭದ ಅಂತರ ಎಷ್ಟೆಂದರೆ, ಕೆಲವು ವರ್ಷಕ್ಕೆ ಶೇ. 600 ಏರಿವೆ, ಕೆಲವು ಶೇ. 50 ಇಳಿದಿವೆ. ಉಪನ್ಯಾಸದಲ್ಲಿ 600ಕ್ಕೆ ಒಂದು ಇಡೀ ಸ್ಲೈಡ್ ಇದೆ. 50 ಇಲ್ಲ. ಬಾಡಿಗೆಗೆ ಕೊಡಬಹುದಾಗಿದ್ದ ಕೋಣೆಯ ಲೆಕ್ಕ, ಸಿಲಿಕಾ ಜೆಲ್ ಪೊಟ್ಟಣಗಳ ಲೆಕ್ಕ, ಆ ಕೋಣೆಯಲ್ಲಿ ಇರಬೇಕಾಗಿದ್ದ ಅತ್ತೆಯವರು ಹಾಲಿನ ದಿವಾನದ ಮೇಲೆ ಮಲಗುತ್ತಿರುವುದರ ಲೆಕ್ಕ, ಇವೂ ಇಲ್ಲ.

ಅಧ್ಯಾಯ 4: ವರ್ಗೀಕರಣ

ಸಂಗ್ರಾಹಕರನ್ನು ಸ್ಥೂಲವಾಗಿ ಏಳು ವಿಧಗಳಾಗಿ ವಿಂಗಡಿಸಬಹುದಾಗಿದೆ.

(ಅ) ಪುನರಾಗತರು. ಬಾಲ್ಯದಲ್ಲಿ ಆಡಿ, ಹರೆಯದಲ್ಲಿ ನಾಚಿಕೊಂಡು ಬಿಟ್ಟು, ಸಂಬಳ ಬಂದ ಮೇಲೆ ಮರಳಿದವರು. ನಡುವಿನ ವರ್ಷಗಳನ್ನು ಅವರೇ ‘ಕತ್ತಲ ಯುಗ’ ಎನ್ನುತ್ತಾರೆ. ಕಟ್ಟುತ್ತಾರೆ, ಕೆಡವುತ್ತಾರೆ, ಬರಿಗಾಲಲ್ಲಿ ತುಳಿದು ಕಿರುಚುತ್ತಾರೆ. ನಿರಪಾಯಕಾರಿಗಳು. ನಮ್ಮ ಕಡೆಯ ಪುನರಾಗತರದು ಒಂದು ಉಪವಿಧ: ಅವರ ಬಾಲ್ಯದಲ್ಲಿ ಇದ್ದದ್ದು ಮೆಕ್ಯಾನಿಕ್ಸ್ ಡಬ್ಬಿಯ ತೂತುಪಟ್ಟಿ, ನಟ್ಟು-ಬೋಲ್ಟು, ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿ. ಲೆಗೋ ಪಕ್ಕದ ಬೀದಿಯ, ಅಮೆರಿಕದಲ್ಲಿ ಚಿಕ್ಕಪ್ಪನಿದ್ದ ಹುಡುಗನ ಮನೆಯಲ್ಲಿತ್ತು. ಇವರು ಎಂದೂ ಹೋಗದಿದ್ದ ಜಾಗಕ್ಕೆ ವಾಪಸು ಬಂದವರು.

(ಆ) ಹಿಚುಕರು. 2013ರಲ್ಲಿ ಲೆಗೋ ಚಿನ್ನದ ಬಣ್ಣದ ಪುಟಾಣಿ ಮನುಷ್ಯನೊಬ್ಬನನ್ನು, ಇಡೀ ಜಗತ್ತಿಗೆ 5,000 ಮಾತ್ರ, ಒಳಗೇನಿದೆ ಎಂದು ಕಾಣದ ಪೊಟ್ಟಣಗಳಲ್ಲಿ ಬೆರೆಸಿ ಬಿಟ್ಟಿತು. ಸಂತೆಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುವವರ ಹಾಗೆ ದೊಡ್ಡ ದೊಡ್ಡ ಗಂಡಸರು ಆಟಿಕೆ ಅಂಗಡಿಯಲ್ಲಿ ನಿಂತು ಪೊಟ್ಟಣ ಒತ್ತಿ ಒತ್ತಿ ನೋಡಿದರು.

(ಇ) ಅನುದ್ಘಾಟಕರು. ಇವರಲ್ಲಿ ಮೂಲೆ ನೋಡುವವರು, ಸೀಲು ನೋಡುವವರು, ಪೆಟ್ಟಿಗೆಯನ್ನು ಇನ್ನೊಂದು ಪೆಟ್ಟಿಗೆಯಲ್ಲಿಟ್ಟು ಆ ಪೆಟ್ಟಿಗೆಗೂ ಕವರ್ ಹಾಕುವವರು ಎಂದು ಮೂರು ಪ್ರಭೇದ. ‘ಪೆಟ್ಟಿಗೆ ಜಜ್ಜಿದರೆ ಬೆಲೆ ಜಜ್ಜಿತು’ ಎಂಬುದು ಇವರ ಸೂತ್ರ. ಕಂಪನಿ ಒಂದು ಸೆಟ್ ತಯಾರಿಸುವುದನ್ನು ನಿಲ್ಲಿಸಿದರೆ ಅದು ‘ರಿಟೈರ್’ ಆಯಿತು ಎನ್ನುತ್ತಾರೆ. ಅದಾದ ಎರಡು ಮೂರು ವರ್ಷಕ್ಕೆ ಬೆಲೆ ಏರಬೇಕು. ಷಡ್ಡಕನ ತಂದೆ ಬ್ಯಾಂಕಿನಿಂದ ರಿಟೈರ್ ಆಗಿ ಅದಕ್ಕಿಂತ ಹೆಚ್ಚು ಕಾಲವಾಯಿತು, ಮನೆಯಲ್ಲಿ ಅವರ ಮಾತಿನ ಬೆಲೆ ಮಾತ್ರ ಏರಿಲ್ಲ.

(ಈ), (ಉ), (ಊ), (ಋ): ಇವನ್ನು ಬರೆಯಲು ಕೂತಾಗ ಎಲ್ಲವೂ (ಇ) ಆಗಿಯೇ ತಿರುಗುತ್ತಿದ್ದುದರಿಂದ ಕೈಬಿಡಲಾಗಿದೆ. ಮಾರ್ಗದರ್ಶಕರು ಕ್ಷಮಿಸಬೇಕು.

ಪ್ರಕರಣ ಅಧ್ಯಯನ: ತಾಜ್ ಮಹಲ್

2008ರಲ್ಲಿ ಲೆಗೋ 5,922 ತುಣುಕುಗಳ ತಾಜ್ ಮಹಲ್ ತಂದಿತು. ಅಮೆರಿಕದಲ್ಲಿ ಬೆಲೆ 299.99 ಡಾಲರ್. ತಯಾರಿಕೆ ನಿಂತ ಮೇಲೆ ಬಿಚ್ಚದ ಪೆಟ್ಟಿಗೆಗಳು ಸಾವಿರಾರು ಡಾಲರಿಗೆ ಕೈಬದಲಾದವು. ಅನುದ್ಘಾಟಿತತ್ವದ ಸಂಕಥನದಲ್ಲಿ ಇದು ಸುವರ್ಣಯುಗ. ಇರುವ ಪೆಟ್ಟಿಗೆಗಳು ಇಷ್ಟೇ, ಇನ್ನು ಹುಟ್ಟುವುದಿಲ್ಲ ಎಂಬ ನಂಬಿಕೆಯ ಮೇಲೆ ಆ ಬೆಲೆಯ ಗುಮ್ಮಟ ನಿಂತಿತ್ತು.

2017ರಲ್ಲಿ ಕಂಪನಿ ಅದೇ ತಾಜ್ ಮಹಲನ್ನು, ಹೆಚ್ಚುಕಮ್ಮಿ ತದ್ವತ್ತಾಗಿ, 369.99 ಡಾಲರಿಗೆ ಮತ್ತೆ ಅಂಗಡಿಗೆ ಬಿಟ್ಟಿತು.

ಇನ್ನೊಂದು ತಾಜ್ ಕಟ್ಟದಿರಲೆಂದು ಶಹಜಹಾನ್ ಕೆಲಸಗಾರರ ಕೈ ಕಡಿಸಿದನೆಂಬ ಕಥೆಗೆ ಇತಿಹಾಸದಲ್ಲಿ ಆಧಾರವಿಲ್ಲ. ಆದರೆ ಆ ಕಟ್ಟುಕಥೆಯ ಒಳಗಿನ ಆಸೆ ಎಂಥದ್ದೆಂದು ಅನುದ್ಘಾಟಕರಿಗೆ 2017ರಲ್ಲಿ ಅರ್ಥವಾಗಿರಬೇಕು. ಹಳೆಯ ಪೆಟ್ಟಿಗೆಯ ಬೆಲೆ ಜರ್ರನೆ ಇಳಿಯಿತು. ಯಾರೂ ಮೋಸ ಮಾಡಿರಲಿಲ್ಲ. ಬಡಗಿಯ ವಂಶದವರು ಮಕ್ಕಳಿಗೆ ಆಟಿಕೆ ಮಾಡಿದ್ದರು, ಅಷ್ಟೇ. ಅದು ಅವರ ಕಸುಬು.

ನಮ್ಮ ಷಡ್ಡಕ ಈ ಪ್ರಕರಣವನ್ನು ‘ಮಾರುಕಟ್ಟೆಯ ಪರಿಪಕ್ವತೆ’ ಎಂದು ಬಣ್ಣಿಸುತ್ತಾನೆ. ನಷ್ಟಕ್ಕೆ ಇಷ್ಟು ಸುಂದರ ಹೆಸರು ವಿಮರ್ಶಕರಿಗೂ ಹೊಳೆದಿಲ್ಲ.

ಭಾರತದಲ್ಲಿ ಈ ಹವ್ಯಾಸಕ್ಕೆ ಇನ್ನೊಂದು ಸೊಗಸಿದೆ. ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಲಾಯಿತು. ಹಾಗಾಗಿ ಪೆಟ್ಟಿಗೆಗಳು ನ್ಯೂಜೆರ್ಸಿಯ ಭಾವಮೈದುನನ ಸೂಟ್‌ಕೇಸಿನಲ್ಲಿ ಬರುತ್ತವೆ. ಮೊದಲೆಲ್ಲ ಅದೇ ಸೂಟ್‌ಕೇಸಿನಲ್ಲಿ ಚಾಕೊಲೇಟು, ಬಾದಾಮಿ, ಅತ್ತೆಗೊಂದು ಸ್ವೆಟರು ಬರುತ್ತಿತ್ತು. ಈಗ ಇಡೀ ಸೂಟ್‌ಕೇಸಿಗೆ ಒಂದೇ ಪೆಟ್ಟಿಗೆ, ಅದರ ಸುತ್ತ ಆತನದೇ ಬಟ್ಟೆಗಳ ಸುತ್ತು, ಮೂಲೆ ಜಜ್ಜದಿರಲೆಂದು. ಪೆಟ್ಟಿಗೆಯೊಳಗೆ ಸಾಕಷ್ಟು ಜಾಗ ಗಾಳಿಯದು. ಅಮೆರಿಕದ ಗಾಳಿ ಬೆಂಗಳೂರಿಗೆ ಬಂದು ಅಟ್ಟದ ಮೇಲೆ ಕೂರುತ್ತದೆ. ಮಾರಬೇಕಾದಾಗ? ಡಾಲರಿನಲ್ಲಿ ಬೆಲೆ ಅಲ್ಲಿದೆ, ಪೆಟ್ಟಿಗೆ ಇಲ್ಲಿದೆ. ಅಲ್ಲಿಗೆ ಕಳಿಸುವ ಕೊರಿಯರ್ ಖರ್ಚು ಕೇಳಿದರೆ ಷಡ್ಡಕ ವಿಷಯಾಂತರ ಮಾಡುತ್ತಾನೆ. ಹಾಗೆ ನೋಡಿದರೆ ಅಮೆರಿಕದ ಲಾಂಗ್ ಬೀಚ್‌ನ ಮನೆಯೊಂದರಲ್ಲಿ 2024ರಲ್ಲಿ ಪೊಲೀಸರಿಗೆ ಸಿಕ್ಕ 2,800ಕ್ಕೂ ಹೆಚ್ಚು ಲೆಗೋ ಪೆಟ್ಟಿಗೆಗಳು ಹೆಚ್ಚು ತಾರ್ಕಿಕ ಹೂಡಿಕೆ: ಅವು ಕದ್ದ ಮಾಲೆಂದು ಪೊಲೀಸರೇ ಹೇಳಿದ ಮೇಲೆ, ಬಂಡವಾಳವೇ ಇಲ್ಲ.

ಇಲ್ಲಿಗೆ ಅಧ್ಯಾಯಗಳ ಸಂಖ್ಯೆ ನಿಲ್ಲಿಸುತ್ತೇನೆ. ಹೇಳಬೇಕಾದದ್ದು ಬೇರೆ ಇದೆ.

ನವರಾತ್ರಿಯಲ್ಲಿ ಷಡ್ಡಕನ ಮನೆಗೆ ಗೊಂಬೆ ನೋಡಲು ಹೋಗಿದ್ದೆವು. ಮೇಲಿನ ಮೆಟ್ಟಿಲಲ್ಲಿ ಅತ್ತೆಯವರ ತಾಯಿಯ ಕಾಲದ ಪಟ್ಟದ ಗೊಂಬೆಗಳು, ರಾಜನ ಮೂಗು ಸವೆದಿದೆ, ರಾಣಿಗೆ ಪ್ರತಿವರ್ಷ ಹೊಸ ಸೀರೆ. ಕೆಳಗೆ ಶೆಟ್ಟಿ-ಶೆಟ್ಟಿತಿ, ಅಕ್ಕಿ ಬೇಳೆ ಅಂಗಡಿ. ಕೊನೆಯ ಮೆಟ್ಟಿಲಿಗೆ ತಾಜ್ ಮಹಲ್ ಇಡೋಣವೆಂದು ನನ್ನ ನಾದಿನಿ ಕೇಳಿದ್ದಳಂತೆ. ಷಡ್ಡಕ ಒಪ್ಪಿ, ಪೆಟ್ಟಿಗೆಯನ್ನೇ ಇಟ್ಟಿದ್ದ. ಬಿಚ್ಚದ ಪೆಟ್ಟಿಗೆ, ಪ್ಲಾಸ್ಟಿಕ್ ಕವರ್ ಸಮೇತ. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಯಾವುದೋ ಮಿಕ್ಸಿ ಬಂದಿದೆ ಎಂದುಕೊಂಡರು.

ಎಂಟು ವರ್ಷದ ಅವನ ಮಗಳು ನನ್ನ ಪಕ್ಕ ಬಂದು ಕೂತಳು.

“ದೊಡ್ಡಪ್ಪ, ಇದನ್ನ ಮುಟ್ಟಬಾರದು. ಆದ್ರೆ ಅಪ್ಪ ಆಫೀಸಿಗೆ ಹೋದಾಗ ಅಲ್ಲಾಡ್ಸಿದ್ರೆ ಒಳಗೆ ಸದ್ದು ಬರುತ್ತೆ. ದೊಡ್ಡ ಪೀಸಿನ ಸದ್ದು ಬೇರೆ, ಚಿಕ್ಕದರ ಸದ್ದು ಬೇರೆ.”

ಯಾವ ಪೆಟ್ಟಿಗೆಯ ಸದ್ದು ಯಾವುದೆಂದು ಅವಳಿಗೆ ಗೊತ್ತು. ಆ ಮನೆಯಲ್ಲಿ ಒಂದು ಕೋಣೆ ತುಂಬ ಆಟಿಕೆಯಿದೆ, ಜಗತ್ತಿನಲ್ಲೇ ಅತ್ಯಂತ ಜಾಗ್ರತೆಯಿಂದ ತಯಾರಾದ ಆಟಿಕೆ, ಮತ್ತು ಅಲ್ಲಿನ ಮಗು ಅದನ್ನು ಕಿವಿಯಲ್ಲಿ ಆಡುತ್ತಿದೆ. ನನಗೆ ಸಿಟ್ಟು ಬಂತು. ಪ್ರಬಂಧಕಾರನಿಗೆ ಬರಬಾರದ ಬಗೆಯ ಸಿಟ್ಟು; ಪರಿಭಾಷೆಯೆಲ್ಲ ಕಳಚಿಬಿತ್ತು. ದುಡ್ಡು ಹೂಡಬೇಕಿದ್ದರೆ ಬ್ಯಾಂಕಿದೆಯಪ್ಪ, ಚಿನ್ನವಿದೆ, ಸೈಟಿದೆ, ಇಡೀ ಬೆಂಗಳೂರು ಅದನ್ನೇ ಮಾಡುತ್ತಿದೆ. ಮಕ್ಕಳಿಗೆಂದು ಉಳಿದಿದ್ದುದು ಇದೊಂದು. ಅದಕ್ಕೂ ಬೀಗ ಹಾಕಬೇಕೆ? ಮಣ್ಣಿನ ಗೊಂಬೆಗಳೂ ವರ್ಷವಿಡೀ ಟ್ರಂಕಿನಲ್ಲೇ ಇರುತ್ತವೆ, ನಿಜ. ಆದರೆ ಹಬ್ಬಕ್ಕೆ ಹೊರಗೆ ಬರುತ್ತವೆ. ಬಂದಾಗೆಲ್ಲ ಒಂದಿಷ್ಟು ಬಣ್ಣ ಉದುರುತ್ತದೆ, ಯಾವುದೋ ಕೂಸು ಆನೆಯ ಸೊಂಡಿಲು ಮುರಿಯುತ್ತದೆ, ಅಂಟು ಹಾಕುತ್ತಾರೆ.

ಊಟವಾದ ಮೇಲೆ ಉಪನ್ಯಾಸ ಶುರುವಾಯಿತು. ಈ ಸಲ ನಾನು ಅಡ್ಡಬಾಯಿ ಹಾಕಿದೆ. ಹಳೆಯ ಪೆಟ್ಟಿಗೆಗೆ ಬೆಲೆ ಯಾಕೆ ಬಂತು ಎಂದು ಕೇಳಿದೆ. “ಸಪ್ಲೈ ಕಮ್ಮಿ, ಭಾವ” ಎಂದ. ಕಮ್ಮಿ ಯಾಕಾಯಿತು? ಮಿಕ್ಕ ಪೆಟ್ಟಿಗೆಗಳನ್ನೆಲ್ಲ ಮಕ್ಕಳು ಹರಿದು ಬಿಸಾಡಿದ್ದರಿಂದ. ನಿನ್ನ ಶೇ. 11 ಬರುವುದು ಆ ಮಕ್ಕಳು ಹರಿದದ್ದರಿಂದ. ಈಗ ನಿನ್ನಂಥವರೆಲ್ಲ ಹರಿಯದೆ ಇಟ್ಟುಕೊಂಡರೆ ಕಮ್ಮಿಯಾಗುವುದಾದರೂ ಎಲ್ಲಿಂದ? ಇನ್ನು ಕೊಳ್ಳುವವರು. ದುಬಾರಿ ಬೆಲೆ ಕೊಟ್ಟು ಹಳೆಯ ಸೆಟ್ ಕೊಳ್ಳುವವನು ಯಾರು? ಎಂಟು ವರ್ಷದವನಿದ್ದಾಗ ಅದರಲ್ಲಿ ಆಡಿ, ಕಳೆದುಕೊಂಡು, ನಲವತ್ತಕ್ಕೆ ಮರುಗುವವನು. ಆಡದವನಿಗೆ ಮರುಕವೇ ಇಲ್ಲ. ನಿನ್ನ ಪೆಟ್ಟಿಗೆಯನ್ನು ಮುಂದೆ ಕೊಳ್ಳಬೇಕಾದವಳು ಇಲ್ಲೇ ಕೂತಿದ್ದಾಳೆ, ಅವಳಿಗೆ ನೀನು ಮುಟ್ಟಲು ಬಿಟ್ಟಿಲ್ಲ.

ಷಡ್ಡಕ ಸ್ವಲ್ಪ ಹೊತ್ತು ರಿಮೋಟ್ ಹಿಡಿದುಕೊಂಡೇ ಇದ್ದ. ಆಮೇಲೆ ಅವನ ಮುಖ ಅರಳಿತು. ಮುಂದಿನ ಸ್ಲೈಡಿನಲ್ಲಿ ಉತ್ತರವಿತ್ತು.

“ಅದಕ್ಕೇ ಭಾವ, ಎಕ್ಸ್‌ಪರ್ಟ್‌ಗಳು ಹೇಳೋದು: ಯಾವಾಗ್ಲೂ ಎರಡೆರಡು ತಗೋಬೇಕು. ಒಂದು ಇಡೋದಕ್ಕೆ, ಒಂದು ಆಡೋದಕ್ಕೆ. ನಾನೂ ಎರಡೆರಡು ತಗೊಂಡಿದೀನಿ.”

ಮಗಳು ಥಟ್ಟನೆ ಎದ್ದು ನಿಂತಳು. “ಆಡೋದು ಎಲ್ಲಿದೆ ಅಪ್ಪ?”

“ಅಟ್ಟದ ಮೇಲಿದೆ ಪುಟ್ಟಿ. ಅದರ ಮೂಲೆ ಒಂಚೂರೂ ಜಜ್ಜಿಲ್ಲ, ಬಿಚ್ಚೋಕೆ ಮನಸ್ಸೇ ಬರಲಿಲ್ಲ” ಎಂದು ಅವನು ಮುಂದಿನ ಸ್ಲೈಡಿಗೆ ಹೋದ.